ನಡುಮನೆಯ ತಗ್ಗು

೧೯೫೨ ಡಿಸೆಂಬರ್ ೭, ಆದಿತ್ಯವಾರ

ಇವತ್ತು ನನ್ನ ಮಾನ ಹೋಯಿತು. ಸಾಕ್ಷಿಗೆ ನಮ್ಮ ಶಾಲೆಯ ಹೆಡ್‌ಮಾಸ್ಟರರೂ ಇದ್ದರು.

ಮೋಹಿನಿಯ ಅಣ್ಣ ಭುಜಂಗ ಮಂಗಳೂರಿನಿಂದ ಬಂದಿದ್ದ. ಅಲ್ಲಿ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಬಾಯಿ ತೆರೆಯುವ ಮೊದಲು ಪಂಚೆಯ ನೆರಿಗೆ ಸರಿ ಮಾಡಿಕೊಳ್ಳುವ ಮನುಷ್ಯ. ತಂಗಿಯ ಮನೆಯ ಊಟ ಚೆನ್ನಾಗಿಯೇ ಹೊಡೆದ. ಆಮೇಲೆ ಸೆಕೆ ಎಂದು ಚಾಪೆ ಬಿಟ್ಟು ನಡುಮನೆಯ ಬರಿ ನೆಲದಲ್ಲಿ ಕುಳಿತ. ನೆಲ ತಂಪಾಗಿದೆ ಎಂದು ಹೊಗಳಿದ ಕೂಡ. ಎದ್ದಾಗ ನೋಡಿದರೆ ಹಿಂದೆ ಪಂಚೆಯೆಲ್ಲ ಕಾವಲಿಯ ತಳ! ಅಷ್ಟು ಹೊತ್ತಿಗೇ ಹೆಡ್‌ಮಾಸ್ಟರರು ಜಗಲಿ ಹತ್ತಿ ಬರಬೇಕೇ? ಅವರು ನಕ್ಕರು. ಭುಜಂಗನೂ ನಕ್ಕ, ಆದರೆ ಹಲ್ಲು ಮಾತ್ರ. "ಭಾವ, ಇನ್ನು ನಿಮ್ಮಲ್ಲಿಗೆ ಬರುವುದಾದರೆ ಕರಿ ಪಂಚೆ ಉಟ್ಟುಕೊಂಡೇ ಬರಬೇಕು," ಎಂದ.

ನೆಕ್ರಾಜೆಯಲ್ಲಿ ಅಮ್ಮನ ನೆಲಕ್ಕೆ ಒಂದು ಹೆಸರಿತ್ತು. ತೆಂಗಿನ ಗೆರಟೆ ಸುಟ್ಟ ಕರಿ, ಸಗಣಿ, ಎಂತದೋ ಸೊಪ್ಪಿನ ಲೋಳೆ, ಎಲ್ಲ ಕಲಸಿ ಬಳಿದು ಉರುಟು ಕಲ್ಲಿನಿಂದ ಉಜ್ಜಿದರೆ ಮುಖ ಕಾಣುತ್ತಿತ್ತು. ಮದುವೆಯ ಮನೆಯವರು ಬಂದು ಪರಮೇಶ್ವರಿ ಅಕ್ಕ ಬೇಕು ಎಂದು ಕರೆದುಕೊಂಡು ಹೋಗುತ್ತಿದ್ದರು. ಆ ನೆಲದ ಕರಿ ಬಟ್ಟೆಗೆ ಅಂಟಿದ್ದು ನಾನು ನೋಡಿರಲಿಲ್ಲ. ಈ ವರ್ಷ ಏಕೋ ಅರ್ಧ ಉಜ್ಜಿ ಬಿಟ್ಟಿದ್ದಾಳೆ. ಕೇಳಿದರೆ, "ಕೈ ಸೋತಿತು ಮಗ," ಎಂದಳು. ಉದಾಸೀನಕ್ಕೆ ಒಂದು ಹೆಸರು.

ಭುಜಂಗನ ಪಂಚೆ ಒಗೆಸಿ ಕೊಟ್ಟದ್ದಕ್ಕೆ ನಾಲ್ಕಾಣೆ.

ಡಿಸೆಂಬರ್ ೯

ಇನ್ನು ಕಾಯುವುದಿಲ್ಲ ಎಂದು ತೀರ್ಮಾನಿಸಿದೆ. ನೆಲ ಅಗೆಸಿ ಸಿಮೆಂಟು ಹಾಕಿಸುವುದು, ಮೇಲೆ ಕೆಂಪು ಹುಡಿಯ ಪಾಲಿಶು. ಹೆಡ್‌ಮಾಸ್ಟರರ ಮನೆಯ ಜಗಲಿ ಹಾಗೆ. ಜಗಲಿ ಮಾತ್ರ ಅಲ್ಲ, ನಡುಮನೆ, ಅಮ್ಮನ ಕೋಣೆ, ಅಡಿಗೆಮನೆ, ಬಾವಿಗೆ ಹೋಗುವ ಬಾಗಿಲಿನವರೆಗೆ ಎಲ್ಲ. ಹಾಕಿದರೆ ಪೂರ್ತಿ ಹಾಕಬೇಕು.

ಕಾಸರಗೋಡಿಗೆ ಹೋಗಿ ಮಮ್ಮುಂಞಿಯ ಅಂಗಡಿಯಲ್ಲಿ ವಿಚಾರಿಸಿದೆ. ಸಿಮೆಂಟು ಗೋಣಿಗೆ ನಾಲ್ಕು ರೂಪಾಯಿ ಹನ್ನೆರಡಾಣೆ, ಅದೂ ಪರ್ಮಿಟ್ ಇದ್ದರೆ. ಹದಿನಾರು ಗೋಣಿ ಬೇಕಂತೆ. ಕೆಂಪು ಹುಡಿ, ಮರಳು, ಗಾಡಿ ಬಾಡಿಗೆ, ಮೇಸ್ತ್ರಿ ಮುದ್ದಣ್ಣನ ಕೂಲಿ ಎಲ್ಲ ಸೇರಿಸಿದರೆ ಇನ್ನೂರಕ್ಕೆ ಕಡಿಮೆ ಇಲ್ಲ. ನನ್ನ ಸಂಬಳ ನಲವತ್ತೆರಡು. ನೆಲಕ್ಕೆಂದೇ ಎರಡು ವರ್ಷದಿಂದ ಪೋಸ್ಟಾಪೀಸಿನಲ್ಲಿ ಕೂಡಿಟ್ಟದ್ದು ನೂರ ಅರುವತ್ತು. ಮಮ್ಮುಂಞಿ ತುಂಬ ಹೊತ್ತು ನನ್ನ ಮುಖ ನೋಡಿ, "ಮಾಸ್ಟ್ರೆ, ಮಣ್ಣಿನ ನೆಲಕ್ಕೆ ಎಂತ ಆಗಿದೆ?" ಎಂದು ಕೇಳಿದ. ವ್ಯಾಪಾರ ಗೊತ್ತಿಲ್ಲದ ವ್ಯಾಪಾರಿ.

ಮನೆಗೆ ಬಂದು ಹೇಳಿದೆ. ಮೋಹಿನಿಗೆ ಸಂತೋಷ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ನಡುಮನೆಯನ್ನೂ ಅಗೆಯುವುದಾ ಎಂದು ಕೇಳಿದಳು. ಮತ್ತೆ? ನಡುಮನೆಯ ನಟ್ಟನಡುವೆ ಆ ತಗ್ಗು, ಮೊದಲು ಒರಳು ಇದ್ದ ಜಾಗ. ಬರೆಯುವ ಮೇಜನ್ನು ಎಲ್ಲಿಟ್ಟರೂ ಒಂದು ಕಾಲು ಅದಕ್ಕೆ ಇಳಿದು ಮೇಜು ಕುಂಟುತ್ತದೆಂದೇ ಕಿಟಕಿಯ ಹತ್ತಿರ ದೂಡಿದ್ದೇನೆ. ವಾರಕ್ಕೊಮ್ಮೆಯಾದರೂ ನನ್ನ ಕಾಲು ಅಲ್ಲಿ ತಿರುಚುತ್ತದೆ.

ಬಸ್ಸು, ಚಹ: ಒಂಬತ್ತಾಣೆ.

ಡಿಸೆಂಬರ್ ೨೦

ಪರ್ಮಿಟ್ಟಿಗೆ ಅರ್ಜಿ ಕೊಟ್ಟು ಹತ್ತು ದಿನ. ತಲೆಯಲ್ಲಿ ಬರೀ ನೆಲ. ಪಾಠ ಮಾಡುವಾಗಲೂ ಶಾಲೆಯ ನೆಲ ನೋಡಿ ಎಷ್ಟು ಗೋಣಿ ಬೇಕಾದೀತೆಂದು ಮನಸ್ಸಿನಲ್ಲೇ ಲೆಕ್ಕ. ಕುಳಿತಲ್ಲಿ ಕೂರಲಾಗುವುದಿಲ್ಲ.

ಇದರ ನಡುವೆ ಅಮ್ಮನದೊಂದು ಹೊಸ ಅಭ್ಯಾಸ. ಸಂಜೆ ನಾನು ಇದನ್ನು ಬರೆಯುವಾಗ ಸದ್ದಿಲ್ಲದೆ ಬಂದು ಹಿಂದೆ ನಿಲ್ಲುತ್ತಾಳೆ. ಎಂತ ಬೇಕು ಎಂದರೆ ಏನೂ ಇಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಾಳೆ. ಓದು ಬಾರದವಳು, ಸರಿ. ಆದರೂ ಹಿಂದೆ ಒಬ್ಬರು ನಿಂತರೆ ಮನುಷ್ಯನಿಗೆ ಬರೆಯಲಾಗುತ್ತದೆಯೇ? ಇವತ್ತು ಗದರಿದೆ. "ಪೆನ್ನಿನ ಸದ್ದು ಕೇಳಿತು, ಬಂದೆ," ಎಂದು ಹೊರಟುಹೋದಳು.

ಅನ್ನದಲ್ಲಿ ಕಲ್ಲು, ಈ ವಾರ ಮೂರನೆಯ ಸಲ. ಪಲ್ಯ ಬಡಿಸಿದ್ದು ಬಾಳೆಲೆಯ ಹೊರಗೆ. ಮಧೂರಿನ ದೇವಸ್ಥಾನಕ್ಕೆ ಹೋಗೋಣ ಎಂದರೆ ಮೊಣಕಾಲು ನೋವಂತೆ. ಅದೇ ಮೊಣಕಾಲಿನಲ್ಲಿ ಬಾವಿಯಿಂದ ದಿನಕ್ಕೆ ಹತ್ತು ಕೊಡ ನೀರು ತರಲು ನೋವಿಲ್ಲ. ನೆಲದ ಮೇಲಿನ ಸಿಟ್ಟು ಹೀಗೆ ತೀರಿಸುತ್ತಿದ್ದಾಳೆ ಎಂದು ನನ್ನ ಅನುಮಾನ.

ಟಾರ್ಚಿನ ಬ್ಯಾಟರಿ ಸತ್ತಿತು. ಎಸೆಯಬೇಡ ಎಂದು ಕೇಳಿ ಪಡೆದಳು. ಒಡೆದು ಒಳಗಿನ ಕರಿಯನ್ನು ನೆಲಕ್ಕೆ ಸೇರಿಸಲು ಕೂಡಿಡುತ್ತಾಳೆ. ಇನ್ನು ಅದು ಯಾವ ನೆಲಕ್ಕೆ!

ಹೊಸ ಬ್ಯಾಟರಿ ಎರಡು: ಹನ್ನೆರಡಾಣೆ.

೧೯೫೩ ಜನವರಿ ೩

ಪರ್ಮಿಟ್ ಬಂತು. ದುಡ್ಡು ನಲವತ್ತು ಕಡಿಮೆ. ಅದಕ್ಕೆ ಭುಜಂಗನ ಹತ್ತಿರ ಕೇಳುವುದಕ್ಕಿಂತ ಸಗಣಿ ನೆಲದಲ್ಲೇ ಸಾಯುವುದು ಮೇಲು ಎಂದು ಮೋಹಿನಿಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು.

ಒಳಗಿನಿಂದ ಅಮ್ಮ ಬಂದಳು. ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ನಾಲ್ಕು ನೋಟು ಇಟ್ಟು, ನಾಲ್ಕು ಹತ್ತು ಉಂಟು ಎಂದಳು. ನೋಡಿದರೆ ಮೂರು ಹತ್ತು, ಒಂದು ಐದು. ವಯಸ್ಸಾಯಿತು, ಎಣಿಕೆ ತಪ್ಪುತ್ತದೆ. ಮಂಗಳೂರಿಗೆ ಹೋಗಿ ಕಣ್ಣು ತೋರಿಸಲೆಂದು ನೆಲ ಮಾಡಿದ ಮನೆಗಳಲ್ಲಿ ಕೊಟ್ಟದ್ದನ್ನು ಕೂಡಿಟ್ಟದ್ದಂತೆ. "ಇನ್ನು ಅದರ ಅಗತ್ಯ ಇಲ್ಲ," ಎಂದಳು. ಕಣ್ಣಿನ ತೊಂದರೆ ತಾನಾಗಿ ಸರಿಹೋಯಿತೆಂದು ಕಾಣುತ್ತದೆ. ಒಳ್ಳೆಯದಾಯಿತು. ನೆಲವೊಂದು ಆಗಲಿ, ಆಮೇಲೆ ಕರೆದುಕೊಂಡು ಹೋಗುತ್ತೇನೆಂದು ನಾನೂ ಹೇಳುತ್ತ ಬಂದಿದ್ದೆ.

ಅಮ್ಮನಿಗೆ ಹೊಗೆಸೊಪ್ಪು ತಂದುಕೊಟ್ಟೆ. ಎರಡಾಣೆ.

ಜನವರಿ ೧೧, ಆದಿತ್ಯವಾರ

ಅಮ್ಮನಿಂದ ಒಂದು ಬೇಡಿಕೆ. ಬೆಳಗ್ಗೆ ನಾನು ಮುಖ ತೊಳೆಯುವಲ್ಲಿಗೇ ಬಂದಳು.

"ಎಲ್ಲ ಕಡೆ ಹಾಕು ಮಗ, ನಾನು ಬೇಡ ಹೇಳುವುದಿಲ್ಲ. ನನ್ನ ಕೋಣೆಯಿಂದ ನಡುಮನೆ ದಾಟಿ ಬಾವಿ ಬಾಗಿಲಿನವರೆಗೆ ಎರಡು ಮೊಳ ಅಗಲ ಹಾಗೇ ಬಿಡು. ಅಷ್ಟನ್ನು ನಾನೇ ಸಾರಿಸಿಕೊಳ್ಳುತ್ತೇನೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಂಪು ನೆಲದ ನಟ್ಟನಡುವೆ ಸಗಣಿಯ ಪಟ್ಟಿ! ಒಂದು ತೋಳು ಮಾತ್ರ ಹೊಲಿದ ಅಂಗಿ. ಯಾಕೆ ಎಂದು ಕೇಳಿದೆ. ಅಭ್ಯಾಸ ಅಂತೆ. ಅಭ್ಯಾಸ ಬದಲಿಸಬೇಕು, ಕಾಲ ಬದಲಾಗಿದೆ, ಇನ್ನು ಸಗಣಿಗೆ ಕೈ ಹಾಕುವ ಕಷ್ಟವಿಲ್ಲದೆ ಕುಳಿತು ಉಣ್ಣಬಹುದು ಎಂದು ಸಾಕಷ್ಟು ಸಮಾಧಾನದಿಂದಲೇ ವಿವರಿಸಿದೆ. ಎಲ್ಲ ಕೇಳಿ, "ಆಯ್ತು," ಎಂದಳು.

ಅಮ್ಮ "ಆಯ್ತು" ಎಂದರೆ ಅಲ್ಲಿಗೆ ಮುಗಿಯಿತು. ಆದರೂ ಇಡೀ ದಿನ ಮೈಮೇಲೆ ಇರುವೆ ಹರಿದ ಹಾಗೆ ಒಂದು ಕಿರಿಕಿರಿ. ಮೂವತ್ತೈದು ರೂಪಾಯಿ ಕೊಟ್ಟವಳು ಎಂಬ ದಾಕ್ಷಿಣ್ಯಕ್ಕೆ ಮನೆಯನ್ನು ಚಿತ್ರವಿಚಿತ್ರ ಮಾಡಲಾಗುತ್ತದೆಯೇ? ಆಗುವುದಿಲ್ಲ.

ಜನವರಿ ೨೬

ಶಾಲೆಯಲ್ಲಿ ಬಾವುಟ ಹಾರಿಸಿ, ಮಕ್ಕಳಿಗೆ ಬೆಲ್ಲ ಅವಲಕ್ಕಿ ಕೊಟ್ಟು ಮನೆಗೆ ಬರುವಾಗ ಮುದ್ದಣ್ಣ ಅಗೆಯಲು ಸುರು ಮಾಡಿದ್ದ. ಮೊದಲ ಪೆಟ್ಟು ನಡುಮನೆಯ ತಗ್ಗಿಗೇ ಹಾಕು ಎಂದು ಹೇಳಿಟ್ಟಿದ್ದೆ.

ಹಳೆಯ ನೆಲ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ವರ್ಷಕ್ಕೊಂದು ಪದರ. ಮುದ್ದಣ್ಣ ಒಂದು ತುಂಡು ಎತ್ತಿ ಅಡ್ಡಕ್ಕೆ ಹಿಡಿದು ತೋರಿಸಿದ. ಅವನು ಎಣಿಸಲು ಹೋಗಿ ನಲವತ್ತಕ್ಕೆ ಬಿಟ್ಟ. ಮಿಕ್ಕದ್ದನ್ನು ಎಣಿಸಲು ನಾನು ಕೈಗೆ ತೆಗೆದುಕೊಂಡೆ. ಆಮೇಲೆ ಧೂಳಿಗೆ ಸೀನು ಬಂದು ಹೊರಗೆ ಹೋದೆ.

ಕೆಲಸ ಮುಗಿಯುವವರೆಗೆ ನಾವು ಮೂವರೂ ದನದ ಹಟ್ಟಿಯ ಪಕ್ಕದ ಚಾವಡಿಯಲ್ಲಿ.

ಜನವರಿ ೨೯

ಅಮ್ಮನ ಸತ್ಯಾಗ್ರಹ. ಚಾವಡಿಯ ಮೂಲೆಯ ಚಾಪೆ ಬಿಟ್ಟು ಏಳುವುದಿಲ್ಲ. ಬಾವಿಗೆ ಮೋಹಿನಿಯೇ ಕೈ ಹಿಡಿದು ಕರೆದುಕೊಂಡು ಹೋಗಬೇಕು. ಮೊನ್ನೆ ಮೊನ್ನೆಯವರೆಗೆ ಓಡಾಡುತ್ತಿದ್ದ ಹೆಂಗಸು! ನಾನೂ ಮಾತಾಡಿಸಲಿಲ್ಲ.

ಫೆಬ್ರವರಿ ೬

ಸಿಮೆಂಟು ಬಿದ್ದಿತು. ಹದಿನಾರು ಗೋಣಿ ಸಾಲದೆ ಇನ್ನೂ ಎರಡು ತರಿಸಬೇಕಾಯಿತು. ಅಡಿಯ ಮಣ್ಣು ಮೆತ್ತಗಿತ್ತಂತೆ. ಮಮ್ಮುಂಞಿ ಯಾರದೋ ಉಳಿದದ್ದನ್ನು ಕೊಡಿಸಿದ. ಒಂಬತ್ತೂವರೆ ರೂಪಾಯಿ ಹೆಚ್ಚು. ಬೇಸಗೆಗೆ ಹೊಲಿಸಬೇಕೆಂದಿದ್ದ ಅಂಗಿ ಹೋಯಿತು.

ಆದರೆ ಮುದ್ದಣ್ಣನ ಕೈ ನೋಡಬೇಕು. ಕೆಂಪು ಹುಡಿ ಕಲಸಿದ ಸಿಮೆಂಟನ್ನು ತೆಳ್ಳಗೆ ಎಳೆದು, ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕರಣೆಯಿಂದ ಒರೆಸಿ ಒರೆಸಿ ಹಿಂದೆ ಸರಿಯುತ್ತಾನೆ. ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ನೂಲು ಒತ್ತಿ ಚೌಕದ ಗೆರೆ ಹಾಕಬೇಕಾ ಗುಣಪಾಲ ಮಾಸ್ಟ್ರೆ ಎಂದು ಕೇಳಿದ. ಅದಕ್ಕೆ ಇನ್ನೊಂದು ದಿನದ ಕೂಲಿ. ಬೇಡ, ನುಣ್ಣಗೆ ಇರಲಿ ಎಂದೆ.

ಫೆಬ್ರವರಿ ೧೩

ನೆಲದ ಮೇಲೆ ನೀರು ನಿಲ್ಲಿಸಿ ಏಳು ದಿನ. ಶಾಲೆಗೆ ಹೋಗುವಾಗ ನೋಡುತ್ತೇನೆ, ಬಂದು ನೋಡುತ್ತೇನೆ. ಮಾಡಿನ ಹೆಂಚು ಅದರಲ್ಲಿ ಕಾಣುತ್ತದೆ. ಬರುವ ಆದಿತ್ಯವಾರದ ಮುಂದಿನ ಆದಿತ್ಯವಾರ ಕಾಫಿಗೆ ಬರಬೇಕೆಂದು ಭುಜಂಗನಿಗೆ ಕಾರ್ಡು ಹಾಕಿದೆ. "ಬಿಳಿ ಪಂಚೆಯಲ್ಲಿ ಬರುವುದು" ಎಂದು ಕೊನೆಗೆ ಸೇರಿಸಿದೆ. ಮುಕ್ಕಾಲಾಣೆ.

ಫೆಬ್ರವರಿ ೨೨, ಆದಿತ್ಯವಾರ

ಬರೆಯಲು ಕುಳಿತು ತುಂಬ ಹೊತ್ತಾಯಿತು.

ಬೆಳಗ್ಗೆ ಒಳಗೆ ಬಂದೆವು. ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದ ನೆಲ, ಕುಂಕುಮದ ಬಣ್ಣ. ಅಮ್ಮ ಹೊಸ್ತಿಲಿನಲ್ಲಿ ಒಂದು ಕಾಲು ಒಳಗಿಟ್ಟು ನಿಂತಳು. ಕಾಲನ್ನು ಅತ್ತ ಇತ್ತ ಎಳೆದಳು. ಹೇಗುಂಟು ಎಂದು ಕೇಳಿದೆ. "ತಂಪಾಗಿದೆ," ಎಂದಳು. ಗೋಡೆ ಹಿಡಿದುಕೊಂಡೇ ಅಡಿಗೆಮನೆಗೆ ಹೋದಳು. ಜಾರುವ ಹೆದರಿಕೆ ಎಂದುಕೊಂಡೆ.

ನಾಲ್ಕು ಗಂಟೆಗೆ ಭುಜಂಗನೂ ಹೆಡ್‌ಮಾಸ್ಟರರೂ ಬಂದು ಜಗಲಿಯ ಬೆಂಚಿನಲ್ಲಿ ಕುಳಿತರು. ಹೆಡ್‌ಮಾಸ್ಟರರು ನೆಲ ಸವರಿ ತಮ್ಮದಕ್ಕಿಂತ ನುಣುಪು ಎಂದು ಒಪ್ಪಿಕೊಂಡರು. ನಾನು ಸ್ವರ್ಗದಲ್ಲಿದ್ದೆ. ಮೋಹಿನಿ ಒಲೆಯ ಮುಂದೆ ಇದ್ದುದರಿಂದ ಕಾಫಿ ಅಮ್ಮನೇ ತಂದಳು, ಬಾಗಿಲಿನ ದಾರಂದ ಸವರಿಕೊಂಡು, ಒಂದು ಕೈಯಲ್ಲಿ ಲೋಟ. ನಮ್ಮಿಂದ ಎರಡು ಹೆಜ್ಜೆ ದೂರ ನಿಂತಳು. ನಿಂತದ್ದು ಜಗಲಿಯ ಕಂಬದ ಮುಂದೆ. ಮುಖದಲ್ಲಿ ನಗು ತಂದು, ಲೋಟವನ್ನು ಕಂಬಕ್ಕೆ ನೀಡಿ, "ತಗೊ ಭುಜಂಗ, ಬಿಸಿ ಉಂಟು," ಎಂದಳು.

ಕಂಬಕ್ಕೆ.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನದ ಸಿಟ್ಟನ್ನು ಅತಿಥಿಗಳ ಎದುರು ಹೀಗೆ ಅಣಕಿಸಿ ತೀರಿಸುತ್ತಿದ್ದಾಳೆ ಎಂದುಕೊಂಡೆ. ಇದೆಂತ ನಾಟಕ, ಕೊಡಲು ಮನಸ್ಸಿಲ್ಲದಿದ್ದರೆ ಒಳಗೆ ಹೋಗು ಎಂದು ಬೊಬ್ಬೆ ಹೊಡೆದೆ. ಹೌದು, ಹೊಡೆದೆ. ಅಮ್ಮನ ನಗು ಹಾಗೇ ಇತ್ತು, ಕಾಫಿ ಮಾತ್ರ ಅವಳ ಕೈಮೇಲೆ ಚೆಲ್ಲಿತು.

ಭುಜಂಗ ಎದ್ದ. ಪಂಚೆಯ ನೆರಿಗೆ ಸರಿ ಮಾಡಿಕೊಳ್ಳಲಿಲ್ಲ. ಕಂಬದ ಪಕ್ಕಕ್ಕೆ ಹೋಗಿ ನಿಂತು, "ಕೊಡಿ ಅತ್ತೆ, ನಾನು ಇಲ್ಲೇ ಇದ್ದೇನೆ," ಎಂದು ಅವಳ ಕೈಯನ್ನೂ ಲೋಟವನ್ನೂ ಒಟ್ಟಿಗೆ ಹಿಡಿದುಕೊಂಡ. ಅಲ್ಲೇ ನಿಂತು ಪೂರ್ತಿ ಕುಡಿದ.

ಹೋಗುವಾಗ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದ: "ಭಾವ, ಅತ್ತೆಗೆ ಕಣ್ಣು ಕಾಣುವುದಿಲ್ಲ. ನಿಮಗೆ ನಿಜವಾಗಿ ಗೊತ್ತಿರಲಿಲ್ವಾ?"

ಫೆಬ್ರವರಿ ೨೩

ಶಾಲೆಗೆ ಹೋಗಲಿಲ್ಲ.

ಮೋಹಿನಿಗೆ ಚಾವಡಿಗೆ ಹೋದ ದಿನವೇ ತಿಳಿಯಿತಂತೆ. ಹೇಳಬೇಡ, ಪಾಪ, ಅವನ ನೆಲ ಒಂದು ಮುಗಿಯಲಿ ಎಂದು ಅಮ್ಮ ಆಣೆ ಹಾಕಿಸಿದ್ದಳಂತೆ. ಗಂಡನಿಂದ ಮುಚ್ಚಿಡುವುದಾ ಎಂದು ನಾನು ಹಾರಿಬಿದ್ದೆ. ಅವಳು ಪಾತ್ರೆ ಕೆಳಗಿಟ್ಟು, "ಹೇಳಿದ್ದರೆ ನಿಮಗೆ ಕೇಳುತ್ತಿತ್ತಾ? ಅವರು ಎರಡು ಮೊಳ ಬಿಡು ಅಂದಾಗ ಕೇಳಿತಾ?" ಎಂದಳು. ಕಣ್ಣೊರೆಸಿಕೊಂಡು, ನೆಲ ಬೇಕೆಂದು ಕುಣಿದವರಲ್ಲಿ ತಾನೂ ಒಬ್ಬಳು ಎಂದಳು.

ಅಮ್ಮನ ಹತ್ತಿರ ಹೋಗಿ ಕುಳಿತೆ. ಯಾವಾಗಿನಿಂದ ಎಂದು ಕೇಳಿದೆ. ಪೂರ್ತಿ ಹೋದದ್ದು ಹೋದ ಮಳೆಗಾಲದಲ್ಲಂತೆ. ಅದಕ್ಕೂ ಮೊದಲು ಕೊಳವೆಯೊಳಗಿನಿಂದ ನೋಡಿದ ಹಾಗೆ ಸ್ವಲ್ಪ ಸ್ವಲ್ಪ ಕಾಣುತ್ತಿತ್ತಂತೆ. ಯಾಕೆ ಹೇಳಲಿಲ್ಲ? ಅವಳ ಅಮ್ಮನಿಗೂ ಹೀಗೇ ಆಗಿತ್ತಂತೆ. ಗೊತ್ತಾದ ದಿನ ಮೂಲೆಯಲ್ಲಿ ಕೂರಿಸಿದವರು ಮತ್ತೆ ಎಬ್ಬಿಸಲಿಲ್ಲವಂತೆ.

"ಈ ಮನೆಯಲ್ಲಿ ನನಗೆ ಕಣ್ಣು ಬೇಕಿರಲಿಲ್ಲ ಮಗ. ಕಾಲಿಗೆ ಗೊತ್ತಾಗುತ್ತಿತ್ತು. ಕಂಬದ ಬುಡದಲ್ಲಿ ಉಬ್ಬು, ಅಡಿಗೆಮನೆ ಬಾಗಿಲಲ್ಲಿ ಸವೆತ, ನಡುಮನೆಯಲ್ಲಿ ತಗ್ಗು. ಈಗ ಎಲ್ಲ ಕಡೆ ಒಂದೇ ರೀತಿ ಉಂಟು."

ನನ್ನನ್ನು ಬೈದಿದ್ದರೆ ಆಗುತ್ತಿತ್ತು. ನೆಲ ಚಂದ ಆಗಿದೆಯಂತಲ್ಲ, ಹೆಡ್‌ಮಾಸ್ಟರು ಹೊಗಳಿದ್ದು ಕೇಳಿಸಿತು ಎಂದಳು.

ಮಾರ್ಚ್ ೩

ಮಂಗಳೂರಿಗೆ ಹೋಗಿ ಬಂದೆವು. ದುಡ್ಡು ಭುಜಂಗ ಕೊಟ್ಟ. ಕೇಳಿದ್ದು ನಾನೇ.

ಡಾಕ್ಟರು ಒಳ್ಳೆಯ ಮನುಷ್ಯ, ತುಂಬ ಹೊತ್ತು ನೋಡಿದರು. ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ ಎಂದರು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತೇ ಎಂದು ಅಮ್ಮನನ್ನು ಕೇಳಿದರು. ಹೌದು, ಎರಡು ವರ್ಷದ ಹಿಂದೆ ಎಂದಳು. ಆಗ ಬಂದಿದ್ದರೆ ಇದ್ದಷ್ಟನ್ನು ಉಳಿಸಿಕೊಳ್ಳಬಹುದಿತ್ತು ಎಂದು ಹೇಳಿ ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಬರುವಾಗ ರೈಲಿನಲ್ಲಿ ಅಮ್ಮ ಕಿಟಕಿಯ ಹತ್ತಿರ ಕುಳಿತಿದ್ದಳು. ಸೇತುವೆಯ ಮೇಲೆ ಸದ್ದು ಬದಲಾದಾಗ ಶಿರಿಯ ಬಂತಲ್ವಾ ಎಂದು ಕೇಳಿದಳು. ಹೌದು ಎಂದೆ. ಹೊಳೆಯಲ್ಲಿ ನೀರು ಎಷ್ಟುಂಟು, ದೋಣಿ ಉಂಟಾ ಎಂದು ಕೇಳಿದಳು. ನಾನು ನೋಡಿ ಹೇಳಿದೆ. ಮೂರು ದೋಣಿ, ಒಂದರಲ್ಲಿ ಬಲೆ ಒಣಗಲು ಹಾಕಿದ್ದಾರೆ. ಅಲ್ಲಿಂದ ಊರಿನವರೆಗೆ ಕಂಡದ್ದನ್ನೆಲ್ಲ ಹೇಳುತ್ತ ಬಂದೆ.

ಮಾರ್ಚ್ ೪

ಎರಡು ವರ್ಷದ ಹಿಂದಿನ ದಿನಚರಿ ತೆಗೆದು ನೋಡಿದೆ. ೧೯೫೧ ಫೆಬ್ರವರಿ ೧೮. "ಅಮ್ಮ ದೀಪಕ್ಕೆ ಬಳೆ ಕಾಣುತ್ತದೆ ಎಂದು ಏನೋ ಹೇಳಿದಳು. ಪೋಸ್ಟಾಪೀಸಿಗೆ ಐದು ರೂಪಾಯಿ, ನೆಲಕ್ಕೆ."

ನನ್ನ ಅಕ್ಷರವೇ.

ಮಾರ್ಚ್ ೧೧

ಅಮ್ಮ ಕೋಣೆಯಿಂದ ಹೊರಗೆ ಬರುವುದಿಲ್ಲ. ಗೋಡೆ ಹಿಡಿದು ಬಂದರೂ ನಡುಮನೆಯ ಮಧ್ಯದಲ್ಲಿ ಗೋಡೆ ಇಲ್ಲ. ಮೊನ್ನೆ ಅಲ್ಲಿ ನಿಂತು ಯಾವ ಕಡೆ ಹೋಗುವುದೆಂದು ತಿಳಿಯದೆ ಸುಮ್ಮನೆ ನೆಲದಲ್ಲಿ ಕುಳಿತುಬಿಟ್ಟಳು. ನಾನು ಓಡಿಹೋಗಿ ಎಬ್ಬಿಸಿದೆ. ಎಬ್ಬಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಒಬ್ಬರ ಕೈ ಹಿಡಿದವಳಲ್ಲ.

ಸಂಜೆ ಬರೆಯುವಾಗ ಹಿಂದೆ ಯಾರೂ ಬಂದು ನಿಲ್ಲುವುದಿಲ್ಲ. ನಿಂತಿದ್ದಾಳೋ ಎಂದು ಎರಡು ಸಲ ತಿರುಗಿ ನೋಡಿದೆ.

ಮಾರ್ಚ್ ೧೫, ಆದಿತ್ಯವಾರ

ಮುದ್ದಣ್ಣನನ್ನು ಕರೆಸಿದೆ. ಅಮ್ಮನ ಕೋಣೆಯಿಂದ ಬಾವಿ ಬಾಗಿಲಿನವರೆಗೆ ಎರಡು ಮೊಳ ಅಗಲ ಒಡೆಯಬೇಕು ಎಂದೆ. ಅವನಿಗೆ ನನ್ನ ತಲೆ ಸರಿ ಇದೆಯೋ ಎಂದು ಸಂಶಯ. ತಿಂಗಳಷ್ಟೇ ಆದ ನೆಲಕ್ಕೆ ಉಳಿ ಹಾಕಲು ಕೈ ಬರುವುದಿಲ್ಲ, ಬೇರೆಯವರನ್ನು ನೋಡಿ ಎಂದು ಎದ್ದ. ಕಾರಣ ಹೇಳಿದೆ. ಮತ್ತೆ ಕುಳಿತ. ಎಲೆ ಅಡಿಕೆ ಹಾಕಿ ತುಂಬ ಹೊತ್ತು ಜಗಿದ.

"ಒಂದೇ ನೆಲಕ್ಕೆ ಎರಡು ಸಲ ಕೂಲಿ ತಗೊಳ್ಳುವುದು ಇದೇ ಮೊದಲು ಮಾಸ್ಟ್ರೆ," ಎಂದ.

ಒಳ್ಳೆಯ ಸಿಮೆಂಟು. ಒಡೆಯಲು ಮೂರು ದಿನ ಬೇಕಂತೆ.

ಮಾರ್ಚ್ ೨೨, ಆದಿತ್ಯವಾರ

ಬೆಳಗ್ಗಿನಿಂದ ಮಣ್ಣು ಮೆಟ್ಟಿದ್ದೇನೆ. ಸೊಂಟ ನೆಟ್ಟಗಾಗುವುದಿಲ್ಲ. ಅಮ್ಮ ಮಣೆಯ ಮೇಲೆ ಕುಳಿತು ನಾನು ಕೊಟ್ಟ ಉಂಡೆಯನ್ನು ಬೆರಳಲ್ಲಿ ಹಿಸುಕಿ ನೋಡುತ್ತಾಳೆ. ನೀರು ಹೆಚ್ಚಾಯಿತು. ಇನ್ನೊಂದು ಉಂಡೆ. ಮಣ್ಣು ದೊರಗು, ಇನ್ನೊಮ್ಮೆ ಮೆಟ್ಟು. ಶಾಲೆಯಲ್ಲಿ ನಾನು ಮಕ್ಕಳಿಗೂ ಇಷ್ಟು ಸಲ ತಿರುಗಿ ಬರೆಸಿದವನಲ್ಲ. ಬಡಿಯುವ ಹಲಗೆ ಎಲ್ಲಿದೆ, ಕಲ್ಲು ಯಾವ ಮೂಲೆಯಲ್ಲಿ ಇಟ್ಟದ್ದು, ಎಲ್ಲ ಅವಳಿಗೆ ಗೊತ್ತು. ಕೂಡಿಟ್ಟ ಸತ್ತ ಬ್ಯಾಟರಿಗಳು ಹನ್ನೊಂದು ಸಿಕ್ಕವು.

ಕರಿ ಬಳಿದು ಉಜ್ಜುವಾಗ ಭುಜಂಗನ ಪಂಚೆಯ ವಿಷಯ ತಾನಾಗಿ ಎತ್ತಿದಳು. ಕಲಸುವುದು, ಬಳಿಯುವುದು, ಉಜ್ಜುವುದು ಎಲ್ಲ ಕೈಗೆ ಬರುತ್ತದೆ. ಆದರೆ ನೆಲ ಕರಿಯನ್ನು ಹೀರಿತೋ ಇನ್ನೂ ಮೇಲೆ ನಿಂತಿದೆಯೋ ಎಂದು ತಿಳಿಯಲು ಕಣ್ಣೇ ಬೇಕಂತೆ. ಈ ಸಲ ಅದು ತಿಳಿಯದೆ ಅಲ್ಲಿಗೇ ನಿಲ್ಲಿಸಿದ್ದಂತೆ. "ನೀನು ನೋಡಿ ಹೇಳು. ಹೊಳಪು ಬಂದದ್ದು ಸಾಲದು, ನೀರು ಚಿಮುಕಿಸಿದರೆ ಕಪ್ಪಾಗಿ ಹರಿಯಬಾರದು," ಎಂದಳು. ನೀರು ಹಾಕಿ ನೋಡಿದೆ. ಹರಿಯಿತು. ಮತ್ತೆ ಉಜ್ಜಿದೆ.

ಮಾರ್ಚ್ ೨೯, ಆದಿತ್ಯವಾರ

ಕೆಂಪು ನೆಲದ ನಡುವೆ ಕಪ್ಪು ಪಟ್ಟಿ. ಹೆಡ್‌ಮಾಸ್ಟರರು ನೋಡಿ ಇದೆಂತ ಹೊಸ ಫ್ಯಾಶನ್ನೋ ಎಂದರು. ನಾನು ಹೌದು ಎಂದೆ.

ಅಮ್ಮ ನಡೆದು ನೋಡಿದಳು. ಕೋಣೆಯಿಂದ ಹೊರಟು ಬಾವಿ ಬಾಗಿಲಿನವರೆಗೆ, ಗೋಡೆ ಮುಟ್ಟದೆ. ತಿರುಗಿ ಬಂದಳು. ಮತ್ತೊಮ್ಮೆ ಹೋದಳು. ಕೈಯಲ್ಲಿ ಕೊಡ ಇರಲಿಲ್ಲ, ಏನೂ ಕೆಲಸ ಇರಲಿಲ್ಲ. ಸುಮ್ಮನೆ ಹೋಗಿ ಸುಮ್ಮನೆ ಬಂದಳು. ಮೋಹಿನಿ ಬಾಗಿಲ ಮರೆಯಲ್ಲಿ ನಿಂತು ಅತ್ತಳು.

ನಡುಮನೆಯಲ್ಲಿ ಮಾತ್ರ ಅಮ್ಮ ನಿಂತು ಕಾಲಿನಲ್ಲಿ ಹುಡುಕಿದಳು. "ಇಲ್ಲಿ ಒಂದು ತಗ್ಗು ಇತ್ತಲ್ಲ. ಅದು ಬೇಕಿತ್ತು," ಎಂದಳು.

ಇಷ್ಟು ಕಷ್ಟಪಟ್ಟು ಸಮ ಮಾಡಿದ್ದೇನೆ, ತಗ್ಗು ಎಂತಕ್ಕೆ ಎಂದು ಕೇಳಿದೆ. ಹೇಳಲೋ ಬೇಡವೋ ಎಂದು ಸ್ವಲ್ಪ ಅನುಮಾನಿಸಿದಳು.

"ನೇರ ಹೋದರೆ ಬಾವಿ. ತಗ್ಗಿನಿಂದ ಎಡಕ್ಕೆ ಮೂರು ಹೆಜ್ಜೆ ಇಟ್ಟರೆ ನೀನು."

ಕಿಟಕಿಯ ಹತ್ತಿರದ ಈ ಮೇಜು. ಎಡಕ್ಕೆ ಮೂರು ಹೆಜ್ಜೆ. ಎಷ್ಟು ಆಳ ಎಂದು ಮಾತ್ರ ಕೇಳಿದೆ. ಹಿಮ್ಮಡಿ ಕೂರುವಷ್ಟು ಎಂದಳು. ಅಷ್ಟು ಜಾಗವನ್ನು ಒದ್ದೆ ಮಾಡಿ ಕೆರೆದು, ನನ್ನ ಹಿಮ್ಮಡಿಯಿಂದಲೇ ಮೆಟ್ಟಿ ಇಳಿಸಿದೆ. ಅಮ್ಮ ಕಾಲಿಟ್ಟು ನೋಡಿ ಇನ್ನೂ ಸ್ವಲ್ಪ ಎಂದಳು. ಇನ್ನೂ ಸ್ವಲ್ಪ ಮೆಟ್ಟಿದೆ. ಅಲ್ಲಿಂದ ಮೇಜಿನವರೆಗೂ ಸಿಮೆಂಟು ಒಡೆಯುತ್ತೇನೆ ಎಂದರೆ ಬೇಡ, ಮೂರು ಹೆಜ್ಜೆಗೆ ದಾರಿ ತಪ್ಪುವುದಿಲ್ಲ ಎಂದಳು.

ಏಪ್ರಿಲ್ ೫, ಆದಿತ್ಯವಾರ

ಬಿಸು ಹಬ್ಬಕ್ಕೆ ಬರುತ್ತೇನೆಂದು ಭುಜಂಗನ ಕಾರ್ಡು. ಬೆಳಗ್ಗೆ ಹೊಲಿಗೆಯವನ ಹತ್ತಿರ ಹೋಗಿದ್ದೆ, ಅಂಗಿ ಹೊಲಿಸಲು ಅಲ್ಲ, ಹಳೆಯದರ ಕಾಲರು ತಿರುಗಿಸಲು. ಬಂದ ಮೇಲೆ ಮೋಹಿನಿ ನಕ್ಕಳು, ನನ್ನ ಪಂಚೆಯ ಹಿಂದೆ ಕರಿ ಉಂಟಂತೆ. ಅದರಲ್ಲೇ ಪೇಟೆ ಸುತ್ತಿ ಬಂದಿದ್ದೇನೆ. ತಗ್ಗಿನ ಹತ್ತಿರ ಕುಳಿತು ಎರಡನೆಯ ಸಲ ಉಜ್ಜಿದಾಗ ಆದದ್ದಿರಬೇಕು. ಅಲ್ಲಿ ಕರಿ ಇನ್ನೂ ಪೂರ್ತಿ ಹೀರಿಲ್ಲ, ನಾಳೆ ಮತ್ತೊಮ್ಮೆ ಉಜ್ಜಬೇಕು.

ಬಿಸಿಲು ಇಳಿಯಿತು. ಕಿಟಕಿಯಲ್ಲಿ ಇನ್ನಾವ ವಿಶೇಷವೂ ಇಲ್ಲ. ಇವತ್ತಿಗೆ ಬರೆಯುವುದು ಇಷ್ಟೇ ಎಂದು ಪೆನ್ನು ಮುಚ್ಚಲು ಹೊರಟಿದ್ದೆ, ಆಗ ಅಮ್ಮನ ಕೋಣೆಯ ಬಾಗಿಲಿನ ಸದ್ದಾಯಿತು. ಹೆಜ್ಜೆ ನಡುಮನೆಗೆ ಬಂದು ತಗ್ಗಿನಲ್ಲಿ ಒಮ್ಮೆ ನಿಂತಿತು. ಆಮೇಲೆ ಒಂದು, ಎರಡು, ಮೂರು.

ಈಗ ಹಿಂದೆ ನಿಂತಿದ್ದಾಳೆ. ಎಂತ ಬೇಕು ಎಂದು ನಾನು ಕೇಳಲಿಲ್ಲ. ಬರೆಯಲು ಏನೂ ಉಳಿದಿಲ್ಲ. ನಿಲ್ಲಿಸಿದರೆ ಹೋಗಿಬಿಡುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಅಂಗಳದಲ್ಲಿ ಮೋಹಿನಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಳೆ. ಹಟ್ಟಿಯ ಮಾಡಿನ ಮೇಲೆ ಒಂದು ಕಾಗೆ ಕುಳಿತಿದೆ. ಅದರ ಪಕ್ಕಕ್ಕೆ ಇನ್ನೊಂದು ಬಂತು. ಆಕಾಶದಲ್ಲಿ ಪಡುವಣ ಕಡೆ ಸ್ವಲ್ಪ ಕೆಂಪು ಉಂಟು. ಮೊದಲ ಕಾಗೆ ಹಾರಿತು, ಎರಡನೆಯದು ಅಲ್ಲೇ ಇದೆ.